ಹುಣಸೂರು ಜಂಕ್ಷನ್: ಒಂದು ತಜ್ಞ ವರದಿ

ರೈಲು ನಿಲ್ದಾಣಕ್ಕೂ ಊರಿಗೂ ಮಾತು ಬಿಟ್ಟುಹೋಗಿದೆ, ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸಬೇಕು ಎಂಬುದು ಈಗ ಲೋಕವೆಲ್ಲ ಒಪ್ಪಿದ ಸಿದ್ಧಾಂತ. ಜರ್ಮನಿಯ ಸ್ಟಟ್‌ಗಾರ್ಟ್‌ನವರು ಇದಕ್ಕಾಗಿ ಇಡೀ ನಿಲ್ದಾಣವನ್ನೇ ನೆಲದಡಿಗೆ ಇಳಿಸಲು ಹೊರಟು 2010ರಿಂದ ಅಗೆಯುತ್ತಿದ್ದಾರೆ. ಅದೇ ಸಿದ್ಧಾಂತವನ್ನು ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೆ ಅನ್ವಯಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ವರದಿ ಹೀಗಿದೆ.

ಮೊದಲು ಸಮಸ್ಯಾತ್ಮಕ ಊರು ಕೆ.ಆರ್. ನಗರ. ಇಲ್ಲಿ ನಿಲ್ದಾಣವಿದೆ. ಮೈಸೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲು ಸಾಗರಕಟ್ಟೆಯಲ್ಲಿ ಕನ್ನಂಬಾಡಿ ಹಿನ್ನೀರು ದಾಟಿ ಬಂದು ನಿಲ್ಲುತ್ತದೆ. ನಿಲ್ದಾಣ ಇರುವುದರಿಂದಲೇ ದೂರುಗಳೂ ಇರುತ್ತವೆ: ಆ ರೈಲು ನಿಲ್ಲಲಿ, ಈ ರೈಲು ಬೇಗ ಬರಲಿ. ಪರಿಹಾರ ಸುಲಭ. ಹಳೆಯ ಊರಾದ ಎಡತೊರೆಯನ್ನು ಕಾವೇರಿ ಪ್ರವಾಹ ಕಾಡಿದ್ದಕ್ಕೆ ಅಗಲ ರಸ್ತೆಗಳ ಹೊಸ ಊರನ್ನೇ ಕಟ್ಟಿ ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಆದ್ದರಿಂದ ನಿಲ್ದಾಣ ದೂರವಾಯಿತು ಎನಿಸಿದರೆ ಪ್ಲಾಟ್‌ಫಾರಂ ಮುಟ್ಟಬೇಕಿಲ್ಲ. ಊರನ್ನೇ ಇನ್ನೊಮ್ಮೆ ಸರಿಸಬಹುದು. ಪೂರ್ವನಿದರ್ಶನವಿದೆ.

ಮಾದರಿ ಊರುಗಳೆಂದರೆ ಹುಣಸೂರು, ಪಿರಿಯಾಪಟ್ಟಣ. ಹಳಿ ಇಲ್ಲಿ ಊರನ್ನು ಸೀಳಿಲ್ಲ. ಲೆವೆಲ್ ಕ್ರಾಸಿಂಗ್‌ನಲ್ಲಿ ಯಾರೂ ಬಿಸಿಲಿಗೆ ಒಣಗಿಲ್ಲ. ರೈಲು ಒಂದು ನಿಮಿಷವೂ ತಡವಾಗಿಲ್ಲ. ಮೈಸೂರಿನಿಂದ ಈ ಎರಡೂ ಊರುಗಳ ಮೂಲಕ ಕುಶಾಲನಗರಕ್ಕೆ 87 ಕಿ.ಮೀ. ಮಾರ್ಗ 2019ರಲ್ಲೇ ಮಂಜೂರಾಗಿದೆ. ಆಗಿನ ಅಂದಾಜು ವೆಚ್ಚ ಸುಮಾರು 1,855 ಕೋಟಿ ರೂಪಾಯಿ. ಈ ರೈಲು ಪ್ರತಿ ಚುನಾವಣೆಗೂ ವೇಳೆಗೆ ಸರಿಯಾಗಿ ಬಂದು, ಎರಡು ನಿಮಿಷ ನಿಂತು, ಹೊರಟುಹೋಗುತ್ತದೆ. ಪಿರಿಯಾಪಟ್ಟಣವಂತೂ ಇನ್ನೂ ಮುಂದಿದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳ ದಯೆಯಿಂದ ಹೊಗೆಬಂಡಿಯಲ್ಲಿ ಹೊಗೆಯ ಭಾಗ ಪೂರ್ಣಗೊಂಡಿದೆ. ಬಂಡಿಯಷ್ಟೇ ಬಾಕಿ.

ಇನ್ನು ಎಚ್.ಡಿ. ಕೋಟೆ. ಈ ಸೀಮೆಗೆ ಹಳಿಯೇ ಬಂದಿಲ್ಲ ಎನ್ನುವವರು ನಾಗರಹೊಳೆಯ ಅಂಚಿಗೆ ಹೋಗಿ ನೋಡಲಿ. ರೈಲ್ವೆಯವರು ಬಳಸಿ ಬಿಟ್ಟ ಕಂಬಿಗಳನ್ನು ನೆಟ್ಟು, ಅಡ್ಡ ಜೋಡಿಸಿ, ಆನೆ ತಡೆಯುವ ಬೇಲಿ ಮಾಡಿದ್ದಾರೆ. ಕಂಬಿ ಅದೇ, ಉಕ್ಕು ಅದೇ. ಮಲಗಬೇಕಾದದ್ದು ಎದ್ದು ನಿಂತಿದೆ, ಅಷ್ಟೆ. ಹಿಂದೆ ಕಾಕನಕೋಟೆಯ ಖೆಡ್ಡಾದಲ್ಲಿ ಆನೆ ಹೊರಗೆ ಹೋಗದಂತೆ ದಿಮ್ಮಿ ನೆಡುತ್ತಿದ್ದರು. ಈಗ ಊರೊಳಗೆ ಬರದಂತೆ ಕಂಬಿ ನೆಡುತ್ತಾರೆ. ಕೆಲವು ಆನೆಗಳು ಅದನ್ನೂ ದಾಟುವುದನ್ನು ಕಲಿತಿವೆ. ರೈಲ್ವೆಯ ಪರಿಭಾಷೆಯಲ್ಲಿ ಇದು ಟಿಕೆಟ್ ರಹಿತ ಪ್ರಯಾಣ.

ಊರಿಗೂ ಸಾರಿಗೆಗೂ ಇರಬೇಕಾದ ನಂಟು ಎಂಥದೆಂದು ತಿಳಿಯಲು ಸ್ಟಟ್‌ಗಾರ್ಟ್‌ಗೆ ಹೋಗಬೇಕಿಲ್ಲ, ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಸಾಕು. ದಸರೆಯ ಗಜಪಯಣ ಹೊರಡುವುದು ಅಲ್ಲಿಂದ. ಪ್ರಯಾಣಿಕರಿಗೆ ಪೂಜೆ, ಕಬ್ಬು, ಬೆಲ್ಲ. ಬೀಳ್ಕೊಡಲು ಸಾಕ್ಷಾತ್ ಮಂತ್ರಿಗಳು. ಆಮೇಲೆ ಲಾರಿ ಹತ್ತಿಸುತ್ತಾರೆ. ಇದೇ ತಾಲ್ಲೂಕಿನ ಮನುಷ್ಯ ಮೈಸೂರಿಗೆ ಹೊರಟರೆ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯಬೇಕು.

ಶಿಫಾರಸುಗಳು ಮೂರು. ಒಂದು, ಹುಣಸೂರಿನಲ್ಲಿ ಕೂಡಲೇ ನಿಲ್ದಾಣದ ಹಳದಿ ಫಲಕ ನೆಟ್ಟು, ಸಮುದ್ರಮಟ್ಟದಿಂದ ಊರು ಎಷ್ಟು ಎತ್ತರದಲ್ಲಿದೆ ಎಂದು ಬರೆಯಿಸಬೇಕು. ರೈಲು ಬರದಿದ್ದರೂ ಎತ್ತರ ಎಲ್ಲಿಗೂ ಹೋಗುವುದಿಲ್ಲ. ಎರಡು, ಎಚ್.ಡಿ. ಕೋಟೆಯ ಕಡೆಯ ಕಂಬಿ ಬೇಲಿಗೆ ಕೀಲು ಜೋಡಿಸಬೇಕು: ಹಗಲು ಮಲಗಿಸಿ ರೈಲು ಓಡಿಸುವುದು, ರಾತ್ರಿ ಎಬ್ಬಿಸಿ ಆನೆ ತಡೆಯುವುದು. ಮೂರು, ಈ ಎರಡೂ ಸಾಧ್ಯವೇ ಎಂದು ತಿಳಿಯಲು ಹೊಸದಾಗಿ ಸರ್ವೆ ನಡೆಸಬೇಕು.

ವರದಿಯ ಜೊತೆಗೆ ಪ್ರಯಾಣ ಭತ್ಯೆಯ ಬಿಲ್ಲನ್ನೂ ಸಲ್ಲಿಸಿದ್ದೆ. ಮರಳಿ ಬಂದಿದೆ. 'ರೈಲು ನಿಲ್ದಾಣದ ಅಧ್ಯಯನಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೋಟೆಗೆ ಬಸ್ಸಿನಲ್ಲಿ ಹೋದದ್ದೇಕೆ? ಸಮಜಾಯಿಷಿ ನೀಡುವುದು' ಎಂದು ಷರಾ ಬರೆದಿದ್ದಾರೆ. ರೈಲು ಬರುವವರೆಗೆ ಕಾಲಾವಕಾಶ ಕೋರಿದ್ದೇನೆ.