ಸಂಬಳ ಕೊಡಿ, ಕೂರುತ್ತೇನೆ

(ಅಟ್ಲಾಂಟಾ ವಿಮಾನ ನಿಲ್ದಾಣ, ಲಗೇಜು ಬರುವ ಬೆಲ್ಟಿನ ಪಕ್ಕ. ಮಗಳ ಬಾಣಂತನಕ್ಕೆಂದು ಮೈಸೂರು ಕಡೆಯಿಂದ ಬಂದ ಹಿರಿಯ ಮಹಿಳೆಯೊಬ್ಬರ ಸೂಟ್‌ಕೇಸನ್ನು ಬೀಗಲ್ ತಳಿಯ ನಾಯಿಯೊಂದು ಮೂಸಿತು, ಅದರ ಮುಂದೆ ಮೆಲ್ಲಗೆ ಕೂತಿತು. ಸೀರೆಯ ಮಡಿಕೆಯೊಳಗಿಂದ ಕರಿಬೇವಿನ ಕಟ್ಟು ಹೊರಬಂತು. ಬೀಗಲ್‌ಗೆ ಒಂದು ಚೂರು ತಿಂಡಿ ಸಿಕ್ಕಿತು, ಅಮ್ಮನವರಿಗೆ ಉಪದೇಶ. ವಿರಾಮದ ಹೊತ್ತಿನಲ್ಲಿ ಬೀಗಲ್ ಮಾತಿಗೆ ಒಪ್ಪಿತು. ಸರ್ಕಾರಿ ನೌಕರನಾದ್ದರಿಂದ ಹೆಸರು ಹಾಕಬಾರದೆಂಬ ಷರತ್ತು.)

ಪ್ರಶ್ನೆ: ನಿಮ್ಮ ತಳಿಯವರು ಮಹಾ ಹಠಮಾರಿಗಳು, ಏನು ಕಲಿಸಿದರೂ ತಲೆಗೆ ಹೋಗುವುದಿಲ್ಲ ಎನ್ನುತ್ತಾರಲ್ಲ?

ಬೀಗಲ್: ಎನ್ನಲಿ ಸ್ವಾಮಿ. ನೀವು ಇಲ್ಲಿ ಸುತ್ತ ನೋಡಿ. ಜನಜಂಗುಳಿ, ಉರುಳುವ ಪೆಟ್ಟಿಗೆಗಳು, ಅಳುವ ಮಕ್ಕಳು, ಯಾರದೋ ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಇಷ್ಟರ ನಡುವೆ ಬೇಕಾದ ವಾಸನೆ ಸಿಕ್ಕಿದಾಗ ಬೊಗಳದೆ, ಪರಚದೆ, ಸುಮ್ಮನೆ ಕೂರುವುದು ನನ್ನ ಕೆಲಸ. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ಲಾಸ್ ಏಂಜಲಿಸ್ ನಿಲ್ದಾಣದಲ್ಲಿ ಈ ಬೀಗಲ್ ಪಡೆ ಶುರುಮಾಡಿತು. ನಲವತ್ತು ವರ್ಷ ದಾಟಿತು, ಇನ್ನೂ ಬಿಟ್ಟಿಲ್ಲ. ಹೇಳಿದ ಮಾತು ಕೇಳದವರನ್ನು ಯಾವ ಸರ್ಕಾರ ಇಷ್ಟು ವರ್ಷ ಇಟ್ಟುಕೊಳ್ಳುತ್ತದೆ?

(ಬೇಕಾದಷ್ಟು ಸರ್ಕಾರಗಳು ಇಟ್ಟುಕೊಂಡಿವೆ ಎನ್ನಬೇಕೆನಿಸಿತು. ಸಂದರ್ಶನ ಕೆಟ್ಟೀತೆಂದು ಸುಮ್ಮನಾದೆ.)

ಪ್ರಶ್ನೆ: ಪುಸ್ತಕದಲ್ಲೇ ಬಂದಿದೆಯಂತಲ್ಲ, ನೀವು ದಡ್ಡರ ಪಟ್ಟಿಯಲ್ಲಿ ಇದ್ದೀರಿ ಅಂತ?

ಬೀಗಲ್: ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ಬರೆದ ಪುಸ್ತಕ ತಾನೆ? 79 ಸ್ಥಾನಗಳಲ್ಲಿ ನಮ್ಮದು 72ನೆಯದು. ಬಾರ್ಡರ್ ಕಾಲಿ ಮೊದಲು, ಅಫ್ಘನ್ ಹೌಂಡ್ ಕೊನೆ. ಅಂಕ ಕೊಟ್ಟವರು ಯಾರು ಗೊತ್ತೆ? ವಿಧೇಯತೆ ಸ್ಪರ್ಧೆಗಳ ತೀರ್ಪುಗಾರರು. ಆ ಪರೀಕ್ಷೆಯಲ್ಲಿ ಮೂಸುವ ಪತ್ರಿಕೆಯೇ ಇರಲಿಲ್ಲ! ಹುಟ್ಟಿನಿಂದ ಬಂದ ಬುದ್ಧಿ ಬೇರೆ, ಹೇಳಿದ್ದು ಕೇಳುವ ಬುದ್ಧಿ ಬೇರೆ ಎಂದು ಕೋರೆನ್ ಅವರೇ ಬರೆದಿದ್ದಾರೆ. ಆ ಪುಟಗಳನ್ನು ಯಾರೂ ಓದಲಿಲ್ಲ. ಪಟ್ಟಿ ಮಾತ್ರ ಇವತ್ತಿಗೂ ವಾಟ್ಸಾಪಿನಲ್ಲಿ ಸುತ್ತುತ್ತಿದೆ.

ಪ್ರಶ್ನೆ: ಸರಿ, ಆದರೆ ಪಾರ್ಕಿನಲ್ಲಿ ಕರೆದರೆ ಬರುವುದಿಲ್ಲವಲ್ಲ?

ಬೀಗಲ್: ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕು. 1830ರ ದಶಕದಲ್ಲಿ ಎಸೆಕ್ಸ್‌ನಲ್ಲಿ ಫಿಲಿಪ್ ಹನಿವುಡ್ ಎಂಬ ಪಾದ್ರಿ ನಮ್ಮ ಹಿರಿಯರ ಹಿಂಡು ಕಟ್ಟಿದರು. ಈಗಿನ ಬೀಗಲ್‌ಗಳ ವಂಶ ಅಲ್ಲಿಂದ ಬಂದದ್ದು ಎನ್ನುತ್ತಾರೆ. ಕೆಲಸ ಮೊಲದ ಬೇಟೆ. ಮೊಲ ಯಾವ ಕಡೆ ಹೋಯಿತು ಎಂದು ತೀರ್ಮಾನಿಸುವವರು ನಾವು. ನಮ್ಮ ಕೂಗು ಕೇಳಿಕೊಂಡು, ಪೊದೆಗಳ ನಡುವೆ ಬಾಲದ ಬಿಳಿ ತುದಿ ಹುಡುಕಿಕೊಂಡು ಏದುಸಿರು ಬಿಡುತ್ತ ಹಿಂದೆ ಬರುವವರು ನೀವು. ನಡುದಾರಿಯಲ್ಲಿ ನಿಂತು, ‘ಯಜಮಾನರೇ, ಈಗ ಎಡಕ್ಕೋ ಬಲಕ್ಕೋ?’ ಎಂದು ಅಪ್ಪಣೆ ಕೇಳುವ ನಾಯಿ ಆಗ ಯಾರಿಗೂ ಬೇಕಿರಲಿಲ್ಲ. ಅಂಥದರ ಮರಿಗಳನ್ನೂ ಯಾರೂ ಬೆಳೆಸಲಿಲ್ಲ. ಅಪ್ಪಣೆಗೆ ಕಾಯದವರನ್ನೇ ತಲೆತಲಾಂತರದಿಂದ ಆರಿಸಿ ಬೆಳೆಸಿದಿರಿ. ಈಗ ಬೆಂಗಳೂರಿನ ಏಳನೇ ಮಹಡಿಗೆ ತಂದಿಟ್ಟುಕೊಂಡು, ‘ಅಯ್ಯೋ, ಮಾತು ಕೇಳೋದೇ ಇಲ್ಲ’ ಎನ್ನುತ್ತೀರಿ. ಇದರಲ್ಲಿ ಹಠ ಯಾರದು?

ಪ್ರಶ್ನೆ: ಏಳನೇ ಮಹಡಿ ಎಂದಿರಿ. ಬೆಂಗಳೂರಿನ ವಿಷಯ ನಿಮಗೆ ಹೇಗೆ ಗೊತ್ತು?

ಬೀಗಲ್: ಅಲ್ಲಿಂದ ಬರುವ ಪ್ರತಿ ಪೆಟ್ಟಿಗೆಯನ್ನೂ ಮೂಸುತ್ತೇನೆ ಸ್ವಾಮಿ. ಅಲ್ಲಿನ ನಮ್ಮವರ ವಾಸನೆ ಬಟ್ಟೆಯಲ್ಲಿ ಅಂಟಿಕೊಂಡೇ ಬರುತ್ತದೆ, ಜೊತೆಗೆ ಅವರ ಕಷ್ಟವೂ. ಮನೆಯಲ್ಲಿ ಅತ್ತೆ ಸೊಸೆ ಮಾತಾಡುವುದು ಕನ್ನಡ, ನಾಯಿಗೆ ಮಾತ್ರ ಇಂಗ್ಲಿಷು. ಅಪ್ಪ ‘ಸಿಟ್’ ಎಂದರೆ ಅಜ್ಜ ‘ಕೂತ್ಕೋ’ ಎನ್ನುತ್ತಾರೆ, ಮಗ ‘ಡೌನ್’ ಎನ್ನುತ್ತಾನೆ, ವಾಕಿಂಗಿಗೆ ಕರೆದೊಯ್ಯುವ ಹುಡುಗ ‘ಬೈಠ್’. ಒಂದು ಕೆಲಸಕ್ಕೆ ನಾಲ್ಕು ಆದೇಶ. ಮೊದಲು ಮನೆಯವರೆಲ್ಲ ಕೂತು ಒಂದು ಮಾತು ನಿಶ್ಚಯಿಸಿಕೊಳ್ಳಲಿ, ಯಾವ ಭಾಷೆಯಾದರೂ ನಮಗೆ ಆದೀತು. ಸಾಲದ್ದಕ್ಕೆ ‘ಸಿಟ್, ಸಿಟ್, ಸಿಟ್, ಸೀಟ್’ ಎಂದು ಅರಚುತ್ತಾರೆ. ನಾಲ್ಕನೆಯದಕ್ಕೆ ಕೂತರೆ ಸಾಕು ಎಂದು ನಾವು ಕಲಿಯುತ್ತೇವೆ. ಕಲಿಯುವುದಿಲ್ಲ ಎಂದವರು ಯಾರು?

ಇನ್ನು ಕರೆಯುವ ವಿಷಯ. ‘ಬಾ’ ಎಂದು ಕರೆಯುತ್ತಾರೆ. ಹೋದರೆ ಬಚ್ಚಲಿಗೆ ಹಾಕಿ ಸ್ನಾನ. ಮತ್ತೆ ‘ಬಾ’, ಹೋದರೆ ಚಪ್ಪಲಿ ಕಚ್ಚಿದ್ದಕ್ಕೆ ಬೈಗುಳ. ಮೂರನೇ ಸಲ ಯಾವ ಪ್ರಾಣಿ ಬಂದೀತು? ಬೆಳಗ್ಗೆ ಬೀಗ ಹಾಕಿಕೊಂಡು ಹೋದವರು ಕತ್ತಲಾದ ಮೇಲೆ ಬರುತ್ತಾರೆ. ಹಿಂಡಿನಲ್ಲಿ ಇರಬೇಕಾದ ಜೀವ ಒಂಟಿಯಾಗಿ ಊಳಿಡುತ್ತದೆ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ದೂರು ಬೀಳುವುದು ನಾಯಿಯ ಮೇಲೆ.

ಪ್ರಶ್ನೆ: ಹಾಗಾದರೆ ಹೇಗೆ ಕಲಿಸಬೇಕು?

ಬೀಗಲ್: ಸಂಬಳ ಕೊಟ್ಟು. ಒಣ ಬಿಸ್ಕತ್ತಿಗೆ ಮನೆಯೊಳಗೆ ಕೂರಬಹುದು. ಹೊರಗೆ ಅಳಿಲಿನ ಜಾಡು ಸಿಕ್ಕಿದಾಗ ಅದೇ ಬಿಸ್ಕತ್ತು ತೋರಿಸಿದರೆ ಯಾರು ತಿರುಗಿ ನೋಡುತ್ತಾರೆ? ಅಲ್ಲಿಗೆ ಬೇಯಿಸಿದ ಕೋಳಿ ಬೇಕು, ಇಲ್ಲವೇ ಚೀಸು. ಬೇಳೆಯಷ್ಟು ಚೂರು ಸಾಕು, ಆದರೆ ಹೇಳಿದ್ದು ಮಾಡಿದ ಕ್ಷಣದಲ್ಲೇ ಬರಬೇಕು. ಪಾಠ ಊಟಕ್ಕೆ ಮುಂಚೆ, ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಕೊಟ್ಟಷ್ಟನ್ನು ಊಟದಲ್ಲಿ ಕಳೆಯಿರಿ, ಏಕೆಂದರೆ ನಮ್ಮ ತಳಿಗೆ ಬೊಜ್ಜು ಬೇಗ ಬರುತ್ತದೆ. ಸಾಕು ಎನ್ನುವ ಅಭ್ಯಾಸ ನಮಗಿಲ್ಲ, ಅದನ್ನು ನೀವೇ ಹೇಳಬೇಕು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟು ನಮಗೆ ವಿಷ, ಅವನ್ನು ದೂರ ಇಡಿ. ಕರೆದರೆ ಬರುವುದನ್ನು ಉದ್ದ ಹಗ್ಗ ಕಟ್ಟಿ ಕಲಿಸಿ. ಚೆನ್ನಾಗಿ ಕಲಿತಿದ್ದಾನೆ ಎಂದು ರಸ್ತೆ ಬದಿಯಲ್ಲಿ ಹಗ್ಗ ಬಿಚ್ಚಬೇಡಿ. ಮೂಗು ನೆಲಕ್ಕೆ ಇಳಿದ ಮೇಲೆ ಕಿವಿಗೆ ರಜೆ.

ಪ್ರಶ್ನೆ: ತಿಂಡಿ ಕೊಟ್ಟು ಕೆಲಸ ಮಾಡಿಸುವುದು ಲಂಚ ಅಲ್ಲವೆ?

ಬೀಗಲ್: ಕೆಲಸಕ್ಕೆ ಮೊದಲು ತೋರಿಸಿದರೆ ಲಂಚ, ಕೆಲಸ ಆದ ಮೇಲೆ ಕೊಟ್ಟರೆ ಸಂಬಳ. ನಿಮ್ಮ ಕಚೇರಿಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ತಿಂಡಿ ಒಂದೇ ಅಲ್ಲ. ಹತ್ತು ಹೆಜ್ಜೆ ಎಳೆಯದೆ ಪಕ್ಕದಲ್ಲಿ ನಡೆದರೆ, ‘ಹೋಗು, ಆ ಕಂಬ ಮೂಸು’ ಎನ್ನಿ. ಅದೂ ಸಂಬಳವೇ, ನಿಮಗೆ ಖರ್ಚೂ ಇಲ್ಲ.

ಪ್ರಶ್ನೆ: ನಿಮ್ಮ ವಿದ್ಯಾಭ್ಯಾಸ ಎಲ್ಲಿ?

ಬೀಗಲ್: ಇಲ್ಲೇ ಜಾರ್ಜಿಯಾದ ನ್ಯೂನನ್ ಊರಿನಲ್ಲಿ ಕೇಂದ್ರವಿದೆ. ನಮ್ಮಲ್ಲಿ ಅನೇಕರು ಅನಾಥ ನಾಯಿಗಳ ಆಶ್ರಯದಿಂದಲೇ ಬಂದವರು. ಯಾರೋ ಬೇಡವೆಂದು ಬಿಟ್ಟವರು! ಮೊದಲ ಪಾಠ ಐದು ವಾಸನೆ: ಸೇಬು, ಕಿತ್ತಳೆ ಜಾತಿಯ ಹಣ್ಣು, ಮಾವು, ದನದ ಮಾಂಸ, ಹಂದಿ ಮಾಂಸ. 2018ರಲ್ಲಿ ಇದೇ ಅಟ್ಲಾಂಟಾದಲ್ಲಿ ನಮ್ಮ ಹಾರ್ಡಿ ಎಂಬಾತ ಈಕ್ವೆಡಾರ್‌ನಿಂದ ಬಂದ ಚೀಲದಲ್ಲಿ ಹುರಿದ ಹಂದಿಯ ತಲೆಯನ್ನೇ ಹಿಡಿದ. ಅವನೂ ಆಶ್ರಯದಿಂದ ಬಂದವನೇ. ಕೆಲಸದಲ್ಲಿ ಅಪಾಯವೂ ಇದೆ. 2025ರಲ್ಲಿ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ನಮ್ಮ ಫ್ರೆಡ್ಡಿ ಎಂಬಾತನನ್ನು ಒಬ್ಬ ಪ್ರಯಾಣಿಕ ಝಾಡಿಸಿ ಒದ್ದ. ಚಿಕಿತ್ಸೆಯ ಖರ್ಚನ್ನು ನ್ಯಾಯಾಲಯ ಆತನಿಂದಲೇ ಕೊಡಿಸಿತು.

ಪ್ರಶ್ನೆ: ಅದೆಲ್ಲ ಇರಲಿ, ಒಂದು ಕಟ್ಟು ಕರಿಬೇವಿಗೆ ಇಷ್ಟೊಂದು ರಂಪವೆ?

ಬೀಗಲ್: ಹಸಿ ಕರಿಬೇವಿನ ಎಲೆಗೆ ಸಣ್ಣ ಕೀಟವೊಂದು ಅಂಟಿಕೊಂಡು ಬರಬಹುದು. ಕಿತ್ತಳೆ ಗಿಡಗಳಿಗೆ ಹಸಿರು ರೋಗ ಹರಡುವುದು ಅದೇ. 2005ರಲ್ಲಿ ಫ್ಲಾರಿಡಾದಲ್ಲಿ ಆ ರೋಗ ಕಾಣಿಸಿಕೊಂಡಿತು, ಅಲ್ಲಿನ ಕಿತ್ತಳೆ ತೋಟಗಳು ನೆಲಕಚ್ಚಿದವು. ಅಮ್ಮನವರ ಸಾರಿನ ಒಗ್ಗರಣೆ ಮೇಲೆ ನನಗೆ ದ್ವೇಷವಿಲ್ಲ. ಘಮ ಚೆನ್ನಾಗಿತ್ತು.

ಪ್ರಶ್ನೆ: ನಮ್ಮ ‘777 ಚಾರ್ಲಿ’ ಸಿನಿಮಾ ನೋಡಿದ್ದೀರಾ?

ಬೀಗಲ್: ಲ್ಯಾಬ್ರಡಾರ್ ತಾನೆ? ಅವರು ಯಾವ ಪಾತ್ರಕ್ಕೂ ಒಪ್ಪುತ್ತಾರೆ. ನಾವು ಮೊದಲು ಸಂಭಾವನೆ ಕೇಳುತ್ತೇವೆ.

ಪ್ರಶ್ನೆ: ಹಠಮಾರಿ ಎಂಬ ಹೆಸರು ನಿಮಗೆ ನೋವು ತರುತ್ತದೆಯೆ?

ಬೀಗಲ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಂದು ಮಾತು ಕೇಳುತ್ತೇನೆ. ಔಷಧಿ, ರಾಸಾಯನಿಕ ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಜಗತ್ತಿನಾದ್ಯಂತ ನಾಯಿ ಬೇಕಾದಾಗ ಬೀಗಲ್‌ಗಳನ್ನೇ ಏಕೆ ಆರಿಸುತ್ತಾರೆ? ಮೈಗಾತ್ರ ಚಿಕ್ಕದು, ಸ್ವಭಾವ ಸಾಧು, ಸೂಜಿ ಚುಚ್ಚಿದರೂ ತಿರುಗಿ ಕಚ್ಚುವುದಿಲ್ಲ ಎಂದು. 2022ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಇಂಥ ಪ್ರಯೋಗಗಳಿಗೆಂದೇ ಮರಿ ಮಾಡಿಸುತ್ತಿದ್ದ ಒಂದು ಕಡೆಯಿಂದ ಸುಮಾರು 4,000 ಬೀಗಲ್‌ಗಳನ್ನು ಬಿಡಿಸಿದರು. ನಿಮ್ಮ ಬೆಂಗಳೂರಿನಲ್ಲೂ ಪ್ರಯೋಗಾಲಯದಿಂದ ಹೊರಬಂದ ನಮ್ಮವರಿಗೆ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆ ಮನೆಗಳನ್ನು ಹುಡುಕಿಕೊಟ್ಟಿದೆ. ಹುಲ್ಲು ಮೆಟ್ಟುವುದು ಹೇಗೆಂದೇ ಗೊತ್ತಿಲ್ಲದೆ ಬಂದ ನಾಯಿಗಳು ಅವು. ಸೋಫಾದ ಮೇಲೆ ಹಠಮಾರಿ, ಪಂಜರದಲ್ಲಿ ಸಾಧು. ಎರಡೂ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ನೀವೇ.

ಪ್ರಶ್ನೆ: ಕೊನೆಯದಾಗಿ, ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಬೀಗಲ್: ಎರಡು ಮಾತು. ಅಮೆರಿಕಕ್ಕೆ ಬರುವವರು ತಂದ ತಿನಿಸನ್ನೆಲ್ಲ ಮುಚ್ಚಿಡದೆ ಹೇಳಿಬಿಡಿ. ಹೇಳಿದವರ ವಸ್ತು ಹೋದೀತು, ದಂಡ ಬೀಳುವುದಿಲ್ಲ. ಇನ್ನು ಬೀಗಲ್ ಸಾಕಬೇಕೆನ್ನುವವರು, ದಿನಾ ಒಂದು ಗಂಟೆ ಮೂಸಿಕೊಂಡು ತಿರುಗಲು ಬಿಡುವ ತಾಳ್ಮೆ ಇದ್ದರೆ ಮಾತ್ರ ಮನೆಗೆ ತನ್ನಿ. ಇಲ್ಲದವರಿಗೆ ಅಂಗಡಿಯಲ್ಲಿ ಬಟ್ಟೆಯ ಬೀಗಲ್ ಸಿಗುತ್ತದೆ. ಅದನ್ನು ಎಲ್ಲಿ ಕೂರಿಸುತ್ತೀರೋ ಅಲ್ಲೇ ಕೂತಿರುತ್ತದೆ.