ತಳ್ಳು ವಿಮಾನ

ವಿಮಾನ ಇಳಿಯುವಾಗಲೆಲ್ಲ ಪೈಲಟ್‌ಗೆ ಮಾರ್ಕು ಕೊಡುವ ಚಾಳಿ ನನ್ನದು. ‘ಅಷ್ಟು ಗೊತ್ತಿದ್ರೆ ನೀವೇ ಓಡಿಸಿ’ ಅಂತ ನನ್ನಾಕೆ ಹುಟ್ಟುಹಬ್ಬಕ್ಕೆ ಗ್ಲೈಡಿಂಗ್ ಕ್ಲಬ್ಬಿನ ವೋಚರ್ ತಂದಳು. ಜೊತೆಗಿರಲಿ ಅಂತ ತನಗೂ ಒಂದು. ಹೆಂಡತಿ ಕೊಟ್ಟ ಉಡುಗೊರೆಯ ಹಿಂದೆ ಮಸಲತ್ತು ಇದ್ದೇ ಇರುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ತಾನೇ?

ನಾವಿರುವುದು ಇಂಗ್ಲೆಂಡಿನ ಲೂಟನ್‌ನಲ್ಲಿ. ಪಕ್ಕದ ಡನ್‌ಸ್ಟಬಲ್ ಗುಡ್ಡದಲ್ಲಿ 1930ರಿಂದಲೂ ಗ್ಲೈಡರ್ ಹಾರಿಸುತ್ತಾರೆ. ಕೂಲಿಂಗ್ ಗ್ಲಾಸು, ತೊಗಲಿನ ಜಾಕೆಟ್ಟು ಏರಿಸಿಕೊಂಡು ಹೊರಟೆ. ಎಂಜಿನ್ ಇಲ್ಲದ ವಿಮಾನಕ್ಕೆ ನೆಲದ ಮೇಲೆ ಮನುಷ್ಯರೇ ಎಂಜಿನ್ ಅನ್ನುವುದು ಹೋದ ಮೇಲೆ ತಿಳಿಯಿತು. ಯಾರೂ ಕೇಳದಿದ್ದರೂ ಜಂಬಕ್ಕೆ ‘ನಾನೂ ತಳ್ತೀನಿ’ ಅಂದೆ. ತಳ್ಳಿದ್ದೇ ತಳ್ಳಿದ್ದು. ರೆಕ್ಕೆಯ ತುದಿ ಹಿಡಿದು ನಡೆಯಿರಿ ಅಂದರು. ನಾನು ಫೋಟೊಗೆ ನಿಂತೆ. ಇಡೀ ಗ್ಲೈಡರ್ ನನ್ನ ಕಡೆಗೇ ತಿರುಗಿತು.

ಆಮೇಲೆ ತೂಕ. ಎಎಸ್‌ಕೆ-21 ಗ್ಲೈಡರಿನ ಒಂದು ಸೀಟು ಪ್ಯಾರಾಚೂಟ್ ಸಮೇತ 110 ಕೆ.ಜಿ. ತಡೆಯುತ್ತದೆ, ಅಷ್ಟೇ. ಮನೆಯಲ್ಲಾದರೆ ವಾಶ್‌ಬೇಸಿನ್ ಹಿಡಿದುಕೊಂಡು ತೂಕ ನೋಡಿಕೊಳ್ಳುವುದು ನನ್ನ ಪದ್ಧತಿ. ಇಲ್ಲಿ ಹಿಡಿಯಲು ಏನೂ ಇರಲಿಲ್ಲ. ‘ಜಾಕೆಟ್ ಬಿಚ್ರೀ’ ಅಂದಳು ನನ್ನಾಕೆ, ಎಲ್ಲರೆದುರಿಗೆ. ಕೂಲಿಂಗ್ ಗ್ಲಾಸನ್ನೂ ತೆಗೆದಿಟ್ಟೆ.

ಮೈದಾನದ ಆಚೆ ತುದಿಯಿಂದ ವಿಂಚ್ ಯಂತ್ರ ನಮ್ಮ ಗ್ಲೈಡರನ್ನು ಗಾಳಿಪಟದಂತೆ ಎಳೆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾವಿರ ಅಡಿ ಮೇಲಿದ್ದೆವು. ಮುಚ್ಚಿದವನು ನಾನು, ತೆರೆದದ್ದು ತಡವಾಗಿ. ಕಾಕ್‌ಪಿಟ್‌ನಲ್ಲಿ ಅಷ್ಟೊಂದು ಮೀಟರುಗಳಿದ್ದರೂ ಗಾಜಿನ ಮೇಲೆ ಒಂದೆಳೆ ಉಲ್ಲನ್ ದಾರ ಅಂಟಿಸಿರುತ್ತಾರೆ. ಗ್ಲೈಡರ್ ಓರೆಯಾಗಿ ಜಾರಿದರೆ ದಾರ ಪಕ್ಕಕ್ಕೆ ವಾಲಿ ಚಾಡಿ ಹೇಳುತ್ತದೆ. ಸ್ಟಿಕ್ ನನ್ನ ಕೈಗೆ ಬಂದ ಮೇಲೆ ಅದು ನೆಟ್ಟಗಾಗಲೇ ಇಲ್ಲ. ಏರುಗಾಳಿ ಸಿಕ್ಕರೆ ವೇರಿಯೋಮೀಟರ್ ಎಂಬ ಮಾಪಕ ಉತ್ಸಾಹದಿಂದ ಕೂಗುತ್ತದಂತೆ. ನನ್ನ ಜೊತೆ ಗೊಣಗುತ್ತಲೇ ಇತ್ತು. ಐದಾರು ನಿಮಿಷದಲ್ಲಿ ಹುಲ್ಲಿನ ಮೇಲಿದ್ದೆವು. ಹಿಂದಿನ ಸೀಟಿನ ಗುರುಗಳು ಇಳಿಸಿದ್ದು; ಹತ್ತಕ್ಕೆ ಒಂಬತ್ತು ಕೊಟ್ಟೆ.

ನಂತರ ಅವಳ ಸರದಿ. ದಪ್ಪ ಬಿಳಿ ಮೋಡದ ಕೆಳಗೆ ಬಿಸಿಗಾಳಿ ಸಿಕ್ಕಿ, ಅದರಲ್ಲೇ ಸುತ್ತು ಹಾಕುತ್ತ ಅರ್ಧ ಗಂಟೆಯಾದರೂ ಇಳಿಯಲೊಲ್ಲಳು. ಅದು ಬರೀ ಹವಾಮಾನದ ಅದೃಷ್ಟ ಎಂದು ಪಕ್ಕದಲ್ಲಿದ್ದವರಿಗೆಲ್ಲ ವಿವರಿಸಿದೆ. ಪಾಪ, ಸಭ್ಯರು, ತಲೆಯಾಡಿಸಿದರು. ಇಳಿದವಳು ಕೇಳಿದ್ದು: ‘ರೀ, ಕೆಳಗೆ ಯಾರೋ ವಿಮಾನ ತಳ್ತಾ ಇದ್ರು, ನೀವಾ?’

ಈಗ ಅವಳು ಕ್ಲಬ್ಬಿನ ಮೆಂಬರು. ಹಾರಬೇಕಾದರೆ ದಿನವಿಡೀ ಅಲ್ಲಿದ್ದು ಸರದಿ ಕಾಯಬೇಕು. ಹಾಗಾಗಿ ಭಾನುವಾರದ ಅಡುಗೆ ನನ್ನ ಪಾಲಿಗೆ ಬಂದಿದೆ. ಹೋದ ವಾರದ ಹುಳಿಯನ್ನು ಮಗಳು ಸೂಪ್ ಎಂದುಕೊಂಡು ಕುಡಿದಳು. ಮೂರು ಜನಕ್ಕೆ ಹುಳಿಪುಡಿ ಎಷ್ಟು ಚಮಚ ಅನ್ನುವುದು ಗೊತ್ತಿದ್ದವರು ದಯವಿಟ್ಟು ತಿಳಿಸಿ. ಶನಿವಾರದೊಳಗೆ.