ಬಾಗಿಲು ಪೂರ್ವಕ್ಕೆ, ಬಿಸಿಲು ಬಚ್ಚಲಗೋಡೆಗೆ

ಬೇಲಿಯಾಚೆಯ ಅಣ್ಣನ ಹೊಸ ಮನೆಗೆ ಏನೂ ಕಮ್ಮಿಯಿಲ್ಲ. ಅಡಿಕೆಗೆ ರೇಟಿದ್ದಾಗ ಎಬ್ಬಿಸಿದ ಎರಡಂತಸ್ತಿನ ಆರ್‌ಸಿಸಿ, ಬಾಲ್ಕನಿಗೆ ಗಾಜಿನ ರೇಲಿಂಗು, ಲಿಂಗದಹಳ್ಳಿಯೇ ತಿರುಗಿ ನೋಡುವ ಎಲಿವೇಷನ್ನು. ಫೋಟೊ ಮಾತ್ರ ಸರಿ ಬರುತ್ತಿಲ್ಲ.

“ಸಂಜೆ ಬೆಳಕಲ್ಲಿ ತೆಗಿ ಅಂದ ಮಗ. ತೆಗೆದ್ರೆ ಮನೆ ಕಪ್ಪಗೆ, ಆಕಾಶ ಬೆಳ್ಳಗೆ!”

“ಬಾಗಿಲು ಯಾವ ಕಡೆಗಣ್ಣಾ?”

“ಪೂರ್ವಕ್ಕೇ. ವಾಸ್ತು ಬೇಡ್ವೇನೋ?”

“ಹಂಗಾದ್ರೆ ಸಂಜೆ ಬಿಸಿಲು ಬೀಳೋದು ನಿಮ್ಮ ಬಚ್ಚಲಗೋಡೆ ಮೇಲೆ.”

ಮಗ ಹೇಳಿದ್ದೇನೂ ಸುಳ್ಳಲ್ಲ. ಸೂರ್ಯ ಇಳಿದಷ್ಟೂ ಬೆಳಕು ಹೆಚ್ಚು ಗಾಳಿ ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಹಳದಿ ಉಳಿಯುತ್ತವೆ. ಮಧ್ಯಾಹ್ನದ ಕಣ್ಣುಕುಕ್ಕುವ ಉರಿ ಇರುವುದಿಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿ ಅದಕ್ಕೆ ಒರಟು ಬೂದುಗಲ್ಲಿನ ಗೋಡೆ ಎಬ್ಬಿಸಿದರು. ಓರೆ ಬಿಸಿಲು ತಾಗಿತೆಂದರೆ ಆ ಕಲ್ಲಿನ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ. ಪುಟ್ಟಿ ಹಚ್ಚಿ ನುಣ್ಣಗೆ ಮಾಡಿದ ನಮ್ಮ ಗೋಡೆಗಳಿಗೆ ಬಣ್ಣ ಹತ್ತೀತು, ಆ ಮೈಕಟ್ಟು ಎಲ್ಲಿಂದ ಬಂದೀತು?

ನಮಗೆ ಹೊತ್ತೂ ಕಮ್ಮಿ. ಛಾಯಾಗ್ರಾಹಕರು ಹಂಬಲಿಸುವ ಹೊಂಬೆಳಕು ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಮೇಲಿದ್ದಾಗ ಶುರು. ನಮ್ಮ ಸೀಮೆಯಲ್ಲಿ ಅವನು ಹೆಚ್ಚುಕಮ್ಮಿ ನೆಟ್ಟಗೇ ಇಳಿಯುವುದರಿಂದ ಅದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲೂ ಪಡುವಣದ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಬೆಟ್ಟಸಾಲು ತನ್ನ ಪಾಲು ಕಿತ್ತುಕೊಳ್ಳುತ್ತದೆ. ಪಂಚಾಂಗದಲ್ಲಿ ಸೂರ್ಯಾಸ್ತವಾಗುವ ಮೊದಲೇ ಊರಿಗೆ ನೆರಳು.

“ಹಂಗಾದ್ರೆ ಮನೆ ತಿರುಗಿಸ್ಲಾ?”

“ಬೇಡ ಮಾರಾಯ್ರೇ, ಸೂರ್ಯ ಮುಳುಗ್ಲಿ ಬಿಡಿ!”

ಮುಳುಗಿದ ಮೇಲೂ ಆಕಾಶದಲ್ಲಿ ಬೆಳಕಿರುತ್ತದೆ. ಲಂಡನ್ನಿನವರಿಗೆ ಜೂನ್ ತಿಂಗಳಲ್ಲಿ ಆ ಮುಸ್ಸಂಜೆ ಮುಕ್ಕಾಲು ಗಂಟೆ ಸಿಕ್ಕರೆ ನಮಗೆ 22–23 ನಿಮಿಷ. ಆಗ ದಿಕ್ಕಿನ ಹಂಗಿಲ್ಲ, ಪೂರ್ವದ ಗೋಡೆಗೂ ಪಶ್ಚಿಮದ ಗೋಡೆಗೂ ಆಕಾಶದ ತಿಳಿಬೆಳಕೇ ಗತಿ. ಮನೆಯ ದೀಪಗಳನ್ನೆಲ್ಲ ಹಾಕಿ ಕಾಯಬೇಕು. ಮೊದಲು ದೀಪ ಮಂಕು, ಆಕಾಶ ಜೋರು; ಆಮೇಲೆ ಆಕಾಶ ಕಪ್ಪು, ದೀಪ ಜೋರು. ನಡುವೆ ಎರಡೂ ಸರಿಸಮನಾಗುವ ಕೆಲವೇ ನಿಮಿಷಗಳಿವೆ. ಗಾಜು, ಕಾಂಕ್ರೀಟಿನ ಮನೆ ಚಂದ ಕಾಣುವುದು ಆಗಲೇ: ಹೊರಗೆ ನೀಲಿ, ಕಿಟಕಿಯಲ್ಲಿ ಅರಿಸಿನ.

ತೆಗೆಯುವಾಗ ಫೋನನ್ನು ಮೇಲಕ್ಕೆ ಓರೆ ಮಾಡಬೇಡಿ, ಗೋಡೆಗಳು ಹಿಂದಕ್ಕೆ ವಾಲುತ್ತವೆ. ರಸ್ತೆಯಾಚೆ ಹೋಗಿ ನೆಟ್ಟಗೆ ಹಿಡಿಯಿರಿ. ಬೆಳಕು ಕಮ್ಮಿಯಾದ್ದರಿಂದ ಕೈ ನಡುಗಿದರೆ ಮಸುಕು. ಗೇಟಿನ ಕಂಬಕ್ಕಾದರೂ ಒತ್ತಿ ಹಿಡಿಯಿರಿ. ಅಂಗಳದ ಸ್ಕೂಟರನ್ನು ಮೊದಲೇ ಸರಿಸಿ.

ಬಿಸಿಲಲ್ಲೇ ಆಗಬೇಕೆನ್ನುವ ಹಟವಿದ್ದರೆ ಬೆಳಗ್ಗೆ ಬೇಗ ಏಳಿ. ಪೂರ್ವದ ಬಾಗಿಲಿಗೆ ಹೊಂಬಿಸಿಲು ಬರುವುದು ಆಗಲೇ. ಎರಡೂ ಆಗದವರು ಬಚ್ಚಲಗೋಡೆಗೂ ಎಲಿವೇಷನ್ ಮಾಡಿಸಲಿ.